ಚೂಪು ತಳದ ಜಾಡಿ

ಕ್ಯುಪರ್ಟಿನೋ
ಮಾರ್ಚ್ ೩, ಮಂಗಳವಾರ

ತನ್ವಿಯ ಅಪ್ಪನಿಗೆ ಆಶಾಲತಾಳ ನಮಸ್ಕಾರ.

ನಿನ್ನೆ ಕೆಟ್ಟ ಕನಸು ಬಿತ್ತು ಮಾರಾಯ್ರೇ. ದೋಣಿ ತುಂಬ ಜಾಡಿ, ಎಲ್ಲವೂ ವಾಲುತ್ತಾ ಇದ್ದವು, ನಾನೊಬ್ಬಳೇ ಹಿಡಿಯುತ್ತಾ ಇದ್ದೆ. ನಿಮ್ಮನ್ನು ಕರೆದರೆ ಸ್ವರವೇ ಬರಲಿಲ್ಲ. ಅಲ್ಲಿ ನೀವು ಹುಷಾರಾಗಿ ಇದ್ದೀರಲ್ಲ? ಬೆಳ್ಳುಳ್ಳಿ ಗೋದಾಮಿನ ಧೂಳಿಗೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀರೋ ಇಲ್ಲವೋ?

ಫೋನು ಮಾಡಿದರೆ ಆಮೇಲೆ ಮಾಡುತ್ತೇನೆ ಅಂತ ಇಟ್ಟುಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ, ನಗಬೇಡಿ.

ಕನಸಿಗೆ ಕಾರಣ ಮಗಳ ಶಾಲೆಯ ಪ್ರಾಜೆಕ್ಟು. ಹಳೇ ಕಾಲದ ಈಜಿಪ್ಟಿನವರು ವೈನು ತುಂಬಿಸಿ ದೋಣಿಯಲ್ಲಿ ಕಳಿಸುತ್ತಿದ್ದರಲ್ಲ, ಅಂಥ ಮಣ್ಣಿನ ಜಾಡಿ ಮಾಡಿದ್ದಳು. ನೋಡಿದರೆ ತಳ ಚೂಪು! ಮಗು ಇಷ್ಟು ಕಷ್ಟಪಟ್ಟು ಮಾಡಿದ್ದು ಬಿದ್ದು ಒಡೆದೀತು ಅಂತ, ಅವಳು ಸ್ನಾನಕ್ಕೆ ಹೋದಾಗ ಹಸಿ ತಳವನ್ನು ತಟ್ಟಿ ತಟ್ಟಿ ನಮ್ಮ ಉಪ್ಪಿನಕಾಯಿ ಭರಣಿಯ ಹಾಗೆ ಚಪ್ಪಟೆ ಮಾಡಿಟ್ಟೆ. ಬಂದವಳು ಇಂಗ್ಲಿಷಿನಲ್ಲಿ ಬೊಬ್ಬೆ ಹೊಡೆದಳು. ಅದು ಚೂಪಾಗಿಯೇ ಇರಬೇಕಂತೆ. ಮನೆಯಲ್ಲಾದರೆ ಮರಳಲ್ಲಿ ಊರುತ್ತಿದ್ದರಂತೆ, ದೋಣಿಯಲ್ಲಾದರೆ ಒಂದಕ್ಕೊಂದು ಒರಗಿಸಿ ಇಡುತ್ತಿದ್ದರಂತೆ. ಒಂದೇ ಆದರೆ ನಿಲ್ಲುವುದೇ ಇಲ್ಲವಾ ಅಂತ ಕೇಳಿದೆ. ನೋ ಅಂದಳು.

ಈಗ ಹೊಸದು ಮಾಡಿದ್ದಾಳೆ. ಅಕ್ಕಿ ಡಬ್ಬದಲ್ಲಿ ಊರಿ ಇಟ್ಟಿದ್ದಾಳೆ. ಅನ್ನಕ್ಕೆ ಅಕ್ಕಿ ತೆಗೆಯಲೂ ನನಗೆ ಹೆದರಿಕೆ. ಜಾಡಿಯ ಹೆಗಲ ಮೇಲೆ ವರ್ಷ, ಊರು, ವೈನು ಮಾಡಿದವನ ಹೆಸರು ಬರೆಯುವ ಕ್ರಮವಂತೆ. ಇವಳು ನೀವಿರುವ ಊರು ಗಿಲ್‌ರಾಯ್ ಅಂತ ಬರೆದು, ಅದರ ಕೆಳಗೆ ನಿಮ್ಮ ಹೆಸರು ಜಯರಾಜ್ ಅಂತ ಬರೆದಿದ್ದಾಳೆ.

ಇವಳ ಶಾಲೆಗೋಸ್ಕರ ತಾನೇ ನಾವು ಎರಡು ಮನೆ ಮಾಡಿದ್ದು. ಮೊದಲು ವಾರವಾರ ಬರುತ್ತಿದ್ದಿರಿ. ದೀಪಾವಳಿ ಕಳೆದ ಮೇಲೆ ಬಂದೇ ಇಲ್ಲ. ಶಿಫ್ಟು ಜಾಸ್ತಿ ಇರಬಹುದು, ನಾನು ಬೇರೇನೂ ಅಂದುಕೊಂಡಿಲ್ಲ. ಶುಕ್ರವಾರ ಸಂಜೆ ಶಾಲೆಯಲ್ಲಿ ಜಾಡಿಗಳನ್ನು ನೋಡಲಿಕ್ಕೆ ಇಡುತ್ತಾರೆ. ಅಪ್ಪ ಬರುತ್ತಾರಾ ಅಂತ ಕೇಳಿದಳು, ಈ ಸಲ ಕನ್ನಡದಲ್ಲೇ. ಬರುತ್ತಾರೆ ಅಂದುಬಿಟ್ಟೆ.

ದಾರಿ ನೋಡುತ್ತಿರುವ,
ಆಶಾ

ಮರೆತಿದ್ದೆ: ಶನಿವಾರ ನಿಮ್ಮ ಬಾಗಿಲ ಹತ್ತಿರ ಇದ್ದ ಮಾವಿನಮಿಡಿ ಬಾಟಲಿ ನಾನೇ ಇಟ್ಟದ್ದು. ತನ್ವಿಗೆ ಹೇಳದೆ ಬಸ್ಸಿನಲ್ಲಿ ಬಂದಿದ್ದೆ. ಒಳಗೆ ಲೈಟು ಇತ್ತು, ಆದರೆ ನನ್ನ ಬೀಗದ ಕೈ ತಿರುಗಲೇ ಇಲ್ಲ. ಬೆಲ್ಲು ಒತ್ತಲು ಯಾಕೋ ಕೈ ಬರಲಿಲ್ಲ. ಗಡಿಬಿಡಿಯಲ್ಲಿ ನಾನೇ ಬೇರೆ ಕೀ ತಂದಿರಬೇಕು. ಬೀಗ ಹಳೆಯದೇ ಉಂಟಲ್ಲವಾ? ಇನ್ನೊಮ್ಮೆ ನೋಡಿ ಹೇಳಿ.