ನನ್ನ ಮಗಳಿಗೆ ಕೊಟ್ಟ ವಿನಾಯಿತಿಗಳನ್ನು ವಾಪಸ್ ತೆಗೆದುಕೊಳ್ಳಿ

ಮಾನ್ಯ ಶಿಕ್ಷಣಾಧಿಕಾರಿಗಳೇ,

ನಿಮ್ಮ ದಯೆ ಸಾಕು. ಏಳನೇ ತರಗತಿಯಲ್ಲಿರುವ ನನ್ನ ಮಗಳಿಗೆ ಗಣಿತ, ವಿಜ್ಞಾನಗಳಿಂದಲೂ ವಿನಾಯಿತಿ ಕೊಡುವ ಫಾರಂ ಕಳಿಸಿದ್ದೀರಿ. ಸೋಮವಾರದೊಳಗೆ ಸಹಿ ಮಾಡಿ ಒಪ್ಪಿಸಬೇಕಂತೆ. ಮಾಡುವುದಿಲ್ಲ. ಯಾಕೆ ಎಂದು ಹೇಳಲು ನಿಮ್ಮ ಕಚೇರಿಗೇ ಬಂದಿದ್ದೆ, ಯಾರೂ ಕೇಳಿಸಿಕೊಳ್ಳಲಿಲ್ಲ. ಕಿವಿ ಮಂದವಿರುವುದು ನನ್ನ ಮಗಳಿಗೆ ಮಾತ್ರ ಎಂದು ತಿಳಿದಿದ್ದೆ. ಅದಕ್ಕೇ ಈಗ ನಾಲ್ಕು ಜನ ಓದುವ ಹಾಗೆ ಪತ್ರಿಕೆಗೆ ಬರೆಯುತ್ತಿದ್ದೇನೆ.

ಅವಳಿಗೆ ಹುಟ್ಟಿನಿಂದಲೇ ಕಿವಿ ಮಂದ. ಕಿವಿಗೆ ಮೆಷಿನ್ ಹಾಕಿದರೆ ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಎದುರಿನವರ ತುಟಿ ನೋಡಿದರೆ ಮಾತೂ ತಿಳಿಯುತ್ತದೆ. ಐದನೇ ತರಗತಿಯಲ್ಲಿ ಉಕ್ತಲೇಖನದಿಂದ ವಿನಾಯಿತಿ ಕೊಟ್ಟಿರಿ. ಪಾಪ, ಎಷ್ಟು ಒಳ್ಳೆಯವರು ಎಂದು ಹಿರಿಹಿರಿ ಹಿಗ್ಗಿ ಸಹಿ ಹಾಕಿದೆ. ಆಮೇಲೆ ಗಟ್ಟಿ ಓದಿನಿಂದ, ಹಾಡಿನಿಂದ, ಎರಡನೇ ಭಾಷೆಯಿಂದ. ಫಾರಂ ಬಂದ ಹಾಗೆಲ್ಲ ಓದದೆಯೇ ಸಹಿ ಹಾಕಿದವಳು ನಾನೇ. ವಿನಾಯಿತಿಯ ಪೀರಿಯಡ್‌ಗಳಲ್ಲಿ ಮಗು ಎಲ್ಲಿರುತ್ತಾಳೆ ಎಂದು ಕೇಳಲಿಲ್ಲ. ಈ ವರ್ಷ ಒಂದು ದಿನ ಮಧ್ಯಾಹ್ನ ಛತ್ರಿ ಕೊಡಲು ಹೋದಾಗ ನೋಡಿದೆ. ಗ್ರಂಥಾಲಯವೆಂದು ಬೋರ್ಡು ಹಾಕಿದ ಕೋಣೆ. ಬೀರುಗಳಿಗೆಲ್ಲ ಬೀಗ. ಮೂಲೆಯಲ್ಲಿ ಕಾಲು ಮುರಿದ ಬೆಂಚುಗಳು. ನಡುವೆ ಒಂದು ಮೇಜು, ಅದರ ಮುಂದೆ ಹದಿಮೂರು ವರ್ಷದ ನನ್ನ ಮಗಳು ಆನೆಯ ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು. ಅದೇ ಆನೆಗೆ ಹಿಂದೆಯೂ ಎರಡು ಸಲ ಬಣ್ಣ ತುಂಬಿಸಿದ್ದರಂತೆ.

ನಾನು ದರ್ಜಿ. ಗಿರಾಕಿಯ ಒಂದು ಭುಜ ಇಳಿದಿದ್ದರೆ ಅಂಗಿಯ ಭುಜವನ್ನೂ ಅರ್ಧ ಅಂಗುಲ ಇಳಿಸಿ ಹೊಲಿಯುತ್ತೇನೆ. 'ನಿಮಗೆ ಅಂಗಿಯಿಂದ ವಿನಾಯಿತಿ ಕೊಟ್ಟಿದ್ದೇನೆ, ಬರಿಮೈಯಲ್ಲಿ ಹೋಗಿ ಬನ್ನಿ' ಎಂದರೆ ಅಂಗಡಿ ಉಳಿದೀತೇ? ನಿಮ್ಮ ಇಲಾಖೆ ಮಾತ್ರ ಉಳಿದಿದೆ, ಅದಕ್ಕೆ ಪ್ರಶಂಸಾಪತ್ರಗಳೂ ಬರುತ್ತಿವೆ. ನೆಗಡಿ ಬಂತೆಂದು ಮೂಗು ಕೊಯ್ಯುವುದನ್ನು ವಿಶೇಷ ಸೌಲಭ್ಯವೆಂದು ಕರೆಯಬಹುದು ಎಂಬುದು ನನಗೆ ಗೊತ್ತಿರಲಿಲ್ಲ.

ಹಾಗಾದರೆ ಏನು ಮಾಡಬೇಕಿತ್ತು ಎಂದು ಕೇಳುತ್ತೀರಿ. ಮಾಡಿ ತೋರಿಸಿದವರೊಬ್ಬರಿದ್ದರು. ಗಣಿತದ ಟೀಚರ್ ಹೆರಿಗೆ ರಜೆಗೆ ಹೋದಾಗ ಮೂರು ತಿಂಗಳಿಗೆಂದು ಬಂದ ಬದಲಿ ಮೇಡಂ. ಬಂದ ಮೊದಲ ವಾರವೇ ನನ್ನ ಮಗಳನ್ನು ಕರೆದು, "ನಿಂಗೆ ಹೇಗೆ ಹೇಳಿಕೊಟ್ರೆ ಗೊತ್ತಾಗುತ್ತೆ?" ಎಂದು ಕೇಳಿದರಂತೆ. ಅಷ್ಟು ವರ್ಷದಲ್ಲಿ ಯಾರೂ ಕೇಳದಿದ್ದ ಪ್ರಶ್ನೆ ಅದು, ನಾನೂ ಕೇಳಿರಲಿಲ್ಲ. ಮಗಳು ಹೇಳಿದಳಂತೆ: "ಮೊದ್ಲು ಬರೀರಿ. ಆಮೇಲೆ ನಮ್ ಕಡೆ ತಿರುಗಿ. ಆಮೇಲೆ ಮಾತಾಡಿ."

ಅಷ್ಟೇ. ಮೇಡಂ ಬರೆದರು, ತಿರುಗಿದರು, ಮಾತಾಡಿದರು. ಹಿಂದಿನ ಬೆಂಚಿನವರು ಕೇಳಿದ ಪ್ರಶ್ನೆಯನ್ನು ಇವಳಿಗೆ ಕಾಣುವ ಹಾಗೆ ಇನ್ನೊಮ್ಮೆ ಹೇಳಿದರು. ಬೆಂಚುಗಳನ್ನು ಗೋಡೆಗುಂಟ ಸರಿಸಿ ಮಕ್ಕಳನ್ನು ಒಬ್ಬರ ಮುಖ ಒಬ್ಬರಿಗೆ ಕಾಣುವಂತೆ ಕೂರಿಸಿದರು. ಮಗಳು ಮನೆಗೆ ಬಂದು, "ಅಮ್ಮಾ, ಇವತ್ತು ಮೇಡಂ ಲೆಕ್ಕ ತಪ್ಪು ಮಾಡಿದ್ರು, ನಾನೇ ಕಂಡುಹಿಡಿದೆ!" ಎಂದಳು. ಅವಳ ಮುಖದಲ್ಲಿ ಅಷ್ಟು ಜಂಬವನ್ನು ನಾನು ಕಂಡದ್ದು ಅದೇ ಮೊದಲು. ಆ ಸಂಜೆ ಹೊಲಿಗೆ ಎಲ್ಲ ಸೊಟ್ಟಗಾಯಿತು, ಸಂತೋಷಕ್ಕೆ.

ರಜೆ ಮುಗಿಸಿ ಮೊದಲಿನ ಟೀಚರ್ ಬಂದರು. ಕೆಟ್ಟವರಲ್ಲ. ಆದರೆ ಬೋರ್ಡಿನ ಜೊತೆ ಮಾತಾಡುವ ಅಭ್ಯಾಸ. ಹೋಗಿ ಕೇಳಿಕೊಂಡೆ. "ನಲವತ್ತು ಮಕ್ಕಳ ಪಾಠಾನ ಒಬ್ಳಿಗೋಸ್ಕರ ನಿಲ್ಲಿಸೋಕಾಗುತ್ತಾ ಅಮ್ಮಾ?" ಎಂದರು. "ನಿಲ್ಲಿಸೋದು ಬೇಡ ಮೇಡಂ, ತಿರುಗಿದ್ರೆ ಸಾಕು" ಎಂದೆ. ಬೆಂಚುಗಳು ಮತ್ತೆ ಸಾಲಾದವು. ಎರಡು ತಿಂಗಳಿಗೆ 'ಗ್ರಹಿಕೆ ಕಡಿಮೆ' ಎಂಬ ವರದಿ ನಿಮ್ಮ ಕಚೇರಿಗೆ ಹೋಯಿತು, ಅಲ್ಲಿಂದ ಈ ಫಾರಂ ಬಂತು.

ಕಳೆದ ವಾರ ಮಗಳನ್ನು ಕರೆದುಕೊಂಡೇ ನಿಮ್ಮ ಹತ್ತಿರ ಬಂದೆ. ನೀವು ಕಡತದಿಂದ ತಲೆ ಎತ್ತದೆ, "ಮಗೂಗೆ ಯಾಕಮ್ಮಾ ಕಷ್ಟ ಕೊಡ್ತೀರಾ? ನಾವು ಮಾಡ್ತಿರೋದು ಅವಳ ಒಳ್ಳೇದಕ್ಕೇ" ಎಂದಿರಿ. ಅವಳು ನನ್ನ ಸೆರಗು ಜಗ್ಗಿ "ಏನಂದ್ರು?" ಎಂದಳು. ನಾನು "ಆಮೇಲೆ ಹೇಳ್ತೀನಿ" ಎಂದುಬಿಟ್ಟೆ.

ಬಸ್ಸಿನಲ್ಲಿ ಅವಳು ಕೇಳಿದಳು: "ಆಮೇಲೆ ಅಂದ್ರೆ ಯಾವಾಗ ಅಮ್ಮಾ?"

ಸ್ವಾಮಿ, ಆ ಪ್ರಶ್ನೆ ನಿಮ್ಮನ್ನಲ್ಲ, ನನ್ನನ್ನು ಚುಚ್ಚಿತು. ಊಟಕ್ಕೆ ಕೂತಾಗ ಅವಳ ಚಿಕ್ಕಮ್ಮ ಏನೋ ಹೇಳುತ್ತಾಳೆ, ಎಲ್ಲರೂ ನಗುತ್ತೇವೆ. ಇವಳು ನಮ್ಮ ಮುಖ ನೋಡಿ, ಒಂದು ಗಳಿಗೆ ತಡವಾಗಿ ತಾನೂ ನಗುತ್ತಾಳೆ. ಆಮೇಲೆ ಮೆಲ್ಲಗೆ "ಏನು?" ಎನ್ನುತ್ತಾಳೆ. "ಏನಿಲ್ಲ ಬಿಡು, ಆಮೇಲೆ ಹೇಳ್ತೀನಿ" ಎನ್ನುತ್ತೇವೆ. ಹೇಳಿದ ನೆನಪು ನನಗಂತೂ ಇಲ್ಲ. ಮನೆತುಂಬ ಜನ ಇಟ್ಟುಕೊಂಡು ಮಗುವನ್ನು ಒಂಟಿಯಾಗಿ ಬೆಳೆಸಿದ್ದೇನೆ. ನಿಮ್ಮ ಮೇಲೆ ಇಷ್ಟು ಸಿಟ್ಟು ಬರುವುದಕ್ಕೆ ಅರ್ಧ ಕಾರಣ ಅದೇ ಇರಬೇಕು. ಆದರೂ ಉಳಿದರ್ಧ ನಿಮ್ಮದೇ.

ನಾನು ಕೇಳುವುದು ಇಷ್ಟು. ಕೊಟ್ಟ ವಿನಾಯಿತಿಗಳನ್ನೆಲ್ಲ ರದ್ದು ಮಾಡಿ. ಬರೆದು, ತಿರುಗಿ, ಆಮೇಲೆ ಮಾತಾಡಬೇಕೆಂದು ಶಾಲೆಗೆ ಒಂದು ಆದೇಶ ಕಳಿಸಿ. ಅದಕ್ಕೆ ಸಮಿತಿ ಬೇಡ, ಕುತ್ತಿಗೆ ತಿರುಗಿದರೆ ಆಯಿತು. ಅವಳನ್ನು ಆ ಬೀಗದ ಬೀರುಗಳ ಕೋಣೆಯಿಂದ ತರಗತಿಗೆ ಕರೆಸಿ, ಪರೀಕ್ಷೆ ಬರೆಸಿ. ಫೇಲಾದರೆ ಅದು ಅವಳ ಫೇಲು, ನಾವಿಬ್ಬರೂ ಕೂತು ಅಳುತ್ತೇವೆ.

ಸೋಮವಾರ ಖಾಲಿ ಫಾರಂ ತೆಗೆದುಕೊಂಡು ಬರುತ್ತೇವೆ. ನಾನು ಹೊರಗೆ ಕೂತಿರುತ್ತೇನೆ, ನಿಮ್ಮ ಜೊತೆ ಮಾತಾಡುವುದು ಅವಳು. ಅವಳ ಉಚ್ಚಾರ ನಿಮಗೆ ಮೊದಲ ಸಲಕ್ಕೆ ತಿಳಿಯದೇ ಹೋಗಬಹುದು. ನಾಚಿಕೊಳ್ಳಬೇಡಿ, 'ಇನ್ನೊಂದು ಸಲ ಹೇಳಮ್ಮಾ' ಎನ್ನಿ. ಅವಳು ಬೇಜಾರು ಮಾಡಿಕೊಳ್ಳುವುದಿಲ್ಲ. ಮಾತು ಕಲಿತಾಗಿನಿಂದ ಅವಳು ನಮ್ಮೆಲ್ಲರನ್ನೂ ಕೇಳಿಕೊಳ್ಳುತ್ತಿರುವುದು ಅದೊಂದನ್ನೇ.

ಇಂತಿ,
ಸಹಿ ಹಾಕಿ ಹಾಕಿ ತಡವಾಗಿ ಬುದ್ಧಿ ಕಲಿತ
ಒಬ್ಬ ದರ್ಜಿ, ಒಬ್ಬಳ ತಾಯಿ