ಎಡಭುಜದ ಮುಕ್ಕಾಲು ಇಂಚು

ಟೇಪು,

ನಿನ್ನ ಅಮ್ಮನ ಆ ಅಳತೆಯ ಬಗ್ಗೆ ಗೊತ್ತಿರುವುದನ್ನೆಲ್ಲ ಬರೆದು ಕಳಿಸು ಎಂದು ಯಾವ ಬಾಯಲ್ಲಿ ಹೇಳಿದೆ? ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಕತ್ತರಿ ಹಿಡಿದ ಬೆರಳಿಗೆ ಪೆನ್ನು ಒಗ್ಗುವುದಿಲ್ಲ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಪಟ್ಟನೆ ಇಟ್ಟುಬಿಡುತ್ತೇನೆ. ಮೊನ್ನೆ ಆದದ್ದೂ ಅದೇ. "ಅಮ್ಮನ ಅಳತೆ ಒಂದನ್ನ ಟೆಸ್ಟಿನಿಂದ ತೆಗೆದುಹಾಕ್ತೀನಿ ದೊಡ್ಡಮ್ಮಾ, ಹದಿನೈದನೇ ತಾರೀಖು ಲೈಬ್ರರೀನ ಎಲ್ಲರಿಗೂ ಬಿಡುಗಡೆ ಮಾಡ್ಬೇಕು" ಎಂದೆ. ನನಗೆ ಮೈಯೆಲ್ಲ ಉರಿಯಿತು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುತ್ತಾರೇನೇ?

ನಿನ್ನ ಲೈಬ್ರರಿಯಲ್ಲಿ ಒಂದು ಪುಸ್ತಕವೂ ಇಲ್ಲ, ಆದರೂ ಅದು ಲೈಬ್ರರಿಯಂತೆ. ಮೈಯಳತೆ ಕೊಟ್ಟರೆ ಬಟ್ಟೆ ಹೇಗೆ ಕತ್ತರಿಸಬೇಕೆಂದು ಹೇಳುತ್ತದೆ, ಯಾರು ಬೇಕಾದರೂ ತಮ್ಮ ಪ್ರೋಗ್ರಾಮಿಗೆ ಜೋಡಿಸಿಕೊಳ್ಳಬಹುದು ಎಂದೆ. ಅದನ್ನು ಪರೀಕ್ಷಿಸಲು ನನ್ನ ಹೊಲಿಗೆ ಅಂಗಡಿಗೇ ಬಂದು ಕೂತೆ. ಅಳತೆ ಪುಸ್ತಕದಿಂದ ಇನ್ನೂರ ಹನ್ನೆರಡು ಗಿರಾಕಿಗಳನ್ನು ಆರಿಸಿದೆ. ಪುಸ್ತಕದ ಅಳತೆಯನ್ನು ಅದಕ್ಕೆ ಉಣಿಸುವುದು, ಅದು ಹೇಳಿದ್ದನ್ನು ಗಿರಾಕಿಗೊಂದರಂತೆ ಮೊಳೆಗೆ ನೇತುಹಾಕಿದ ನನ್ನ ಕಾಗದದ ಕಟಿಂಗಿಗೆ ಹೋಲಿಸುವುದು. ಹೊಂದಿದರೆ ಹಸಿರು, ಇಲ್ಲದಿದ್ದರೆ ಕೆಂಪು. ಹಸಿರು ಸಾಲುಗಟ್ಟಿ ಬೀಳುತ್ತಿದ್ದಾಗ ನಾನು ಹೊಗಳಲಿಲ್ಲ. ಚಹಾ ಆರಿಹೋಯಿತು ಎಂದು ಗದರಿದೆ. ಒಳಗೆ ಎದೆ ತುಂಬಿಬಂದಿತ್ತು. ಅಳತೆ ಟೇಪನ್ನು ಕೊರಳಿಗೆ ಸುತ್ತಿಕೊಂಡು ನನ್ನ ಕಟಿಂಗ್ ಮೇಜಿನ ಕೆಳಗೇ ಬೆಳೆದವಳು ನೀನು, ಅದಕ್ಕೇ ಟೇಪು ಎಂಬ ಹೆಸರು ಬಿದ್ದದ್ದು.

ಒಂದೇ ಒಂದು ಕೆಂಪು ಬಿತ್ತು. ನಿನ್ನ ಅಮ್ಮನದು.

ನೀನು ಪ್ರೋಗ್ರಾಮಿನ ಕೋಡು ತಿದ್ದಿದೆ. ಅಮ್ಮ ಹಸಿರಾದಳು, ನಲವತ್ತು ಜನ ಕೆಂಪಾದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. "ಇಲ್ಲಾ ಪ್ರೋಗ್ರಾಮು ತಪ್ಪಿರ್ಬೇಕು, ಇಲ್ಲಾ ನಿನ್ನ ಕಟಿಂಗು ತಪ್ಪಿರ್ಬೇಕು" ಎಂದು ಮೂರು ವಾರ ತಲೆ ಚಚ್ಚಿಕೊಂಡೆ. ಎರಡೂ ಸರಿ ಇವೆ ಕಣೇ. ತಪ್ಪಿರುವುದು ಪುಸ್ತಕ. ಬೇಕೆಂದೇ ತಪ್ಪು ಬರೆದವಳು ನಾನು. ಕೆಂಪು ಕಂಡ ಕ್ಷಣವೇ ಗೊತ್ತಾಗಿತ್ತು. ಅವಳಿಗೆ ಕೊಟ್ಟ ಮಾತು ಅಡ್ಡ ಬಂತು.

ನಿನ್ನ ಅಮ್ಮನ ಎಡಭುಜ ಮುಕ್ಕಾಲು ಇಂಚು ಇಳಿದಿತ್ತು. ಏಳು ವರ್ಷದವಳಿದ್ದಾಗ ಏಣಿಯಿಂದ ಬಿದ್ದಳು. ಮೂಳೆ ಓರೆಯಾಗಿ ಕೂಡಿಕೊಂಡಿತು. ಏಣಿ ಹಿಡಿದುಕೊಂಡಿರು ಎಂದು ನನಗೆ ಹೇಳಿದ್ದರು. ನಾನು ಬಿಟ್ಟು ಆಡಲು ಹೋಗಿದ್ದೆ. ಬದುಕಿರುವವರೆಗೆ ಒಂದು ದಿನವೂ ಅವಳು ಆ ಮಾತು ಎತ್ತಲಿಲ್ಲ. ಕೇಳಿಕೊಂಡದ್ದು ಇಷ್ಟೇ: "ಅಕ್ಕಾ, ಪುಸ್ತಕದಲ್ಲಿ ಬರೀಬೇಡ್ವೇ. ಅಂಗಡಿಗೆ ಬಂದೋರೆಲ್ಲ ತಿರುವಿಹಾಕ್ತಾರೆ." ಎರಡೂ ಭುಜ ಸಮ ಎಂದು ಬರೆದೆ. ಕಾಗದ ಕತ್ತರಿಸುವಾಗ ಮಾತ್ರ ಎಡಭಾಗ ಇಳಿಸಿದೆ. ಅಂಗಿ ಒಂದು ಸುಕ್ಕಿಲ್ಲದೆ ಕೂರುತ್ತಿತ್ತು. ಯಾರ ಕಣ್ಣಿಗೂ ಬೀಳಲಿಲ್ಲ. ನಿನಗೆ ನಾಲ್ಕು ತುಂಬುವ ಮೊದಲೇ ಹೋದಳು, ನಿನಗೆಲ್ಲಿ ಗೊತ್ತಾಗಬೇಕು? ನೀನು ಫೋಟೋದಲ್ಲಿ ನೋಡಿದ್ದು ನಾನು ಹೊಲಿದ ಅಮ್ಮನನ್ನು.

ನಿನ್ನ ಪ್ರೋಗ್ರಾಮು ಪಾಪ, ಬರೆದದ್ದನ್ನು ನಂಬಿತು. ಅದೇ ಇನ್ನೂರ ಹನ್ನೆರಡರಲ್ಲಿ ಒಬ್ಬ ಹಮಾಲನಿದ್ದಾನೆ, ಅವನ ಅಳತೆ ತೆಗೆದು ನೋಡು. ಮೂಟೆ ಹೊತ್ತು ಅವನದೂ ಒಂದು ಭುಜ ಇಳಿದಿದೆ. ಅವನದನ್ನು ಇದ್ದದ್ದು ಇದ್ದ ಹಾಗೆ ಬರೆದಿದ್ದೆ, ಅವನು ಹಸಿರಾಗಿಯೇ ಇದ್ದಾನೆ. ಅಂದಮೇಲೆ ಕೋಡನ್ನು ಮೊದಲಿನಂತೆ ಮಾಡು. ಅಮ್ಮನ ಸಾಲಿನಲ್ಲಿ ಎಡಭುಜದ ಇಳಿಕೆ ಮುಕ್ಕಾಲು ಇಂಚು ಎಂದು ತಿದ್ದು. ಬೇರೇನನ್ನೂ ಮುಟ್ಟಬೇಡ. ಆಮೇಲೆ ಇನ್ನೂರ ಹನ್ನೆರಡನ್ನೂ ಓಡಿಸು, ಅವಳದೊಂದನ್ನೇ ಓಡಿಸಿ ಕೈ ತೊಳೆದುಕೊಳ್ಳಬೇಡ. ಹೆಸರು ಹಾಕಬೇಡ, ನಂಬರು ಸಾಕು. ಅವಳಿಗೆ ಕೊಟ್ಟ ಮಾತು ಮುರಿದಿದ್ದೇನೆ. ನಿನಗೆ ಹೇಳಿದ್ದಕ್ಕೆ ಅವಳು ಮುನಿಯಲಾರಳು ಎಂದುಕೊಂಡಿದ್ದೇನೆ.

ಲೋಕದಲ್ಲಿ ಯಾರೋ ಭುಜ ಇಳಿದ ಹುಡುಗಿಗೆ ಸುಕ್ಕಿಲ್ಲದ ಅಂಗಿ ಸಿಗಲಿ. ನೀನು ಹೊತ್ತಿಗೆ ಸರಿಯಾಗಿ ಉಣ್ಣು, ನೂರು ಕಾಲ ಬಾಳು.

ಬೈದರೂ ನಿನ್ನವಳೇ ಆದ
ದೊಡ್ಡಮ್ಮ

ಕೆಂಪೋ ಹಸಿರೋ, ಹದಿನಾಲ್ಕನೇ ತಾರೀಖಿನೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.