ದಿಂಬಿನ ಚೀಲದಲ್ಲಿ ಹನ್ನೊಂದು ಮಾತ್ರೆ

ಪುಟ್ಟಿ,

ಹೊಲಿಗೆ ಅಂಗಡಿಗೆ ಹೊರಟಿದ್ದೇನೆ. ಅಡುಗೆಗೆ ಉಪ್ಪು ಹಾಕಿಲ್ಲ, ಮುಖ ಸಿಂಡರಿಸದೆ ತಿನ್ನು.

ಒಗೆಯಲೆಂದು ನಿನ್ನ ದಿಂಬಿನ ಚೀಲ ತೆಗೆದರೆ ಹನ್ನೊಂದು ಮಾತ್ರೆ ಉದುರಿದವು. ಬೈಯಬೇಕೆಂದುಕೊಂಡೆ. ಬಟ್ಟೆ ನೆನೆಹಾಕಿದೆ, ಅಷ್ಟೇ.

ಮಾತ್ರೆಯಿಂದ ಮುಖ ಊದಿತೆಂದು ಬಿಟ್ಟಿದ್ದೀಯ, ಗೊತ್ತು. ನಿನ್ನೆ ಡಾಕ್ಟರಮ್ಮ ನಿನ್ನ ಬಯಾಪ್ಸಿ ರಿಪೋರ್ಟ್ ನೋಡಿ, "ಕಾಯ್ಬೇಕಾದ ಬಿಳಿ ರಕ್ತಕಣಗಳೇ ತಿರುಗಿಬಿದ್ದು ಇವಳ ಕಿಡ್ನಿ ಹಾಳು ಮಾಡ್ತಿವೆ ಕಣಮ್ಮ. ಮಾತ್ರೆ ಬಿಟ್ರೆ ಅವನ್ನ ತಡೆಯೋಕಾಗಲ್ಲ" ಅಂದರು. ಇದರಲ್ಲಿ ನಿನ್ನ ತಪ್ಪೇನೂ ಇಲ್ಲವಂತೆ. ಅದನ್ನೂ ಕೇಳಿಕೊಂಡೇ ಬಂದೆ.

ಬಚ್ಚಲಿನ ಕನ್ನಡಿ ಬಿಚ್ಚಿ ಬೀರುವಿನ ಹಿಂದೆ ಇಟ್ಟಿದ್ದೇನೆ. ಹುಡುಕಬೇಡ.

ಮಾತ್ರೆ ಬಿಟ್ಟದ್ದನ್ನು ಸಂಜೆ ನಾನೇ ಡಾಕ್ಟರಮ್ಮನಿಗೆ ಹೇಳುತ್ತೇನೆ, ಬೈಗುಳವೆಲ್ಲ ನನಗಿರಲಿ. ಇವತ್ತಿನದು ತಟ್ಟೆಯ ಪಕ್ಕದಲ್ಲಿದೆ. ನುಂಗಿದ ಮೇಲೆ ಅಂಗಡಿಗೆ ಫೋನ್ ಮಾಡು. ಮಾತಾಡಲೇಬೇಕೆಂದಿಲ್ಲ, ರಿಂಗಾದರೆ ಸಾಕು.

ಅಕ್ಕ